ಹಿನೆಸ್‌ನ ಹೆಬ್ಬೆರಳು

ಏರು ಓಣಿಯ ಅರ್ಧಕ್ಕೆ ಬಂದಾಗ ಎಲ್ವಿರಾ ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆದು ನೋಡಿಕೊಂಡಳು. ಬೆರಳುಗಳು ಇದ್ದ ಹಾಗೆಯೇ ಇದ್ದವು. ಮಡಿಸಿದಳು, ಬಿಡಿಸಿದಳು. ಉಂಗುರ ಬೆರಳು ಉಳಿದವುಗಳ ಜೊತೆ ವಿಧೇಯವಾಗಿ ಮಡಿಚಿಕೊಂಡಿತು, ವಿಧೇಯವಾಗಿ ಬಿಚ್ಚಿಕೊಂಡಿತು. ಅವಳಿಗೆ ಭಯವಾಗುತ್ತಿದ್ದದ್ದು ಈ ವಿಧೇಯತೆಯನ್ನು ಕಂಡೇ. ಬೆಳಿಗ್ಗೆ ಅದೇ ಬೆರಳು ಅಂಗಿಯ ಗುಂಡಿ ಹಾಕಿತ್ತು, ಕಿತ್ತಳೆ ಸುಲಿದಿತ್ತು, ಬಸ್ಸಿನಲ್ಲಿ ಕಂಬಿ ಹಿಡಿದಿತ್ತು. ತಂತಿಯ ಎದುರು ಬಂದಾಗ ಮಾತ್ರ, ಪೆಟ್ಟು ತಿಂದ ನಾಯಿ ಮಂಚದ ಕೆಳಗೆ ಸರಿಯುವ ಹಾಗೆ, ಅಂಗೈಯೊಳಕ್ಕೆ ಸುರುಟಿಕೊಂಡು ಅಲ್ಲೇ ಇದ್ದುಬಿಡುತ್ತಿತ್ತು. ಕರೆದಷ್ಟೂ ಇನ್ನೂ ಒಳಗೆ ಹೋಗುತ್ತಿತ್ತು. ನೋವಿರಲಿಲ್ಲ. ನೋವಿದ್ದಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಅಲ್ಹಾಂಬ್ರಾ ಅರಮನೆ ನೋಡಲು ಹೊರಟ ಪ್ರವಾಸಿಗಳ ಗುಂಪೊಂದು ಅವಳನ್ನು ದಾಟಿ ಮೇಲೆ ಹೋಯಿತು. ಅವರಲ್ಲೊಬ್ಬಳು ಅವಳ ಬೆನ್ನಿನ ಗಿಟಾರು ಪೆಟ್ಟಿಗೆಯನ್ನು ನೋಡಿ ನಕ್ಕು, ಹೊಟ್ಟೆಯ ಮುಂದೆ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಆ ಹೆಂಗಸಿನ ಬೆರಳುಗಳೆಲ್ಲ ಆಡಿದವು. ಎಲ್ವಿರಾ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು.

ಎವಾರಿಸ್ತೋ ತಾನೇ ಫೋನು ಮಾಡಿದ್ದ. ಗ್ರನಾಡಾದಲ್ಲಿ ಗಿಟಾರು ಮಾಡುವವರಲ್ಲೆಲ್ಲ ಹಿರಿಯನಾದ ಈ ಮುದುಕನಿಗೆ ಫೋನಿನಲ್ಲಿ ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಮರ ಆರಿಸಲಿಕ್ಕೆ ಬಾ, ಗಾಳಿ ಒಣಗಿದೆ, ಈಗ ಬಿಟ್ಟರೆ ಅಂಟು ಹಾಕಲಿಕ್ಕೆ ಮಳೆ ಮುಗಿಯುವತನಕ ಕಾಯಬೇಕು ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟಿದ್ದ. ಈಗ ಮಾಡಿಸುವ ಗಿಟಾರು ಪೆನ್ಯಾ ಎಂಬ ಹಾಡುಕೂಟದವರ ಕಾಣಿಕೆ. ಪೆನ್ಯಾದ ಮುದುಕರು ಗುರುವಾರದ ಸಂಜೆಗಳಲ್ಲಿ ಒಂದು ನೆಲಮಾಳಿಗೆಯಲ್ಲಿ ಸೇರಿ ಹಾಡು ಕೇಳುವವರು, ಬದುಕಿರುವವರ ಬಗ್ಗೆ ಮೂಗು ಮುರಿದು ಸತ್ತವರನ್ನು ಹೊಗಳುವವರು. ಅವಳ ಅಪ್ಪ ಹಿನೆಸ್‌ನ ನೆನಪಿಗೆ ಒಂದು ಸಂಜೆ ಇಟ್ಟುಕೊಳ್ಳಬೇಕು, ಆ ಸಂಜೆ ಮಗಳು ಹೊಸ ಗಿಟಾರಿನಲ್ಲಿ ಅಪ್ಪನ ಸೊಲೆಯಾ, ಆ ನಿಧಾನದ ದುಃಖದ ಧಾಟಿ, ನುಡಿಸಬೇಕು ಎಂದು ಅವರು ತೀರ್ಮಾನಿಸಿದ್ದರು. ಅವಳನ್ನು ಕೇಳಿರಲಿಲ್ಲ. ಗೌರವ ಮಾಡುವಾಗ ಯಾರೂ ಕೇಳುವುದಿಲ್ಲ. ಅಂದು ಅವರಲ್ಲಿ ನಾಲ್ಕಾರು ಮಂದಿ ಎದ್ದು ಬಂದು ಅವಳ ಕೆನ್ನೆಗೆ ಮುತ್ತಿಟ್ಟಿದ್ದರು. ಅವರ ಬಾಯಲ್ಲಿ ವೈನಿನ ವಾಸನೆ, ಕಣ್ಣಲ್ಲಿ ನೀರು. ಅವಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು, ಬೆತ್ತದೇಟು ತಿಂದು ಬಂದ ಶಾಲೆಯ ಹುಡುಗಿಯ ಹಾಗೆ.

ಎಲ್ಲ ಶುರುವಾದದ್ದು ಲೊರೆಟೊಳ ನೃತ್ಯಶಾಲೆಯಲ್ಲಿ, ಒಂದು ಸಾಮಾನ್ಯ ಬೆಳಿಗ್ಗೆ. ಲೊರೆಟೊ ಕುಣಿಯುವವಳು, ಕುಣಿತ ಕಲಿಸುವವಳು, ಎಲ್ವಿರಾಳಿಗೆ ಕೆಲಸ ಕೊಟ್ಟವಳು. ಹುಡುಗಿಯರು ಉಸಿರು ತೆಗೆದುಕೊಳ್ಳಲಿ ಎಂದು ಎಲ್ವಿರಾ ಸುಮ್ಮನೆ ಗ್ರನಾಡಾದ ಧಾಟಿಯ ಒಂದು ಗ್ರನಾಯಿನಾ ಎತ್ತಿಕೊಂಡಿದ್ದಳು. ಅದರ ನಡುವೆ ಬರುವ ಟ್ರೆಮೊಲೊದಲ್ಲಿ, ಮೂರು ಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಮುಟ್ಟಿ ಹೋಗುವಲ್ಲಿ, ಮೊದಲು ಬರಬೇಕಾದ ಉಂಗುರ ಬೆರಳು ಬರಲಿಲ್ಲ. ನಾದದಲ್ಲಿ ಒಂದು ತೂತು ಬಿತ್ತು. ಉಗುರು ಸೀಳಿದೆ ಎಂದುಕೊಂಡಳು. ಉಗುರಿಗೆ ಅಂಟು ಹಚ್ಚಿ, ಉಜ್ಜಿ ನಯಮಾಡಿ, ಮತ್ತೆ ಕೂತಳು. ತೂತು ಅಲ್ಲೇ ಇತ್ತು. ಆಮೇಲೆ ಆ ತೂತು ದೊಡ್ಡದಾಗುತ್ತ ಬಂತು. ಉಗುರು ಸರಿಯಿಲ್ಲ ಎಂದು ಲೊರೆಟೊಳಿಗೆ ಹೇಳಿದ್ದಳು, ಶೀತ ಎಂದು ಹೇಳಿದ್ದಳು, ತಂತಿ ಹಳೆಯದಾಯಿತು ಎಂದು ಹೇಳಿದ್ದಳು. ಅವಳ ಕಸುಬಿನವರೆಲ್ಲ ಹಾಗೆಯೇ: ಕೈ ಕೆಟ್ಟರೆ ತಂತಿಯನ್ನು ಬಯ್ಯುತ್ತಾರೆ, ತಂತಿ ಸರಿಯಿದ್ದರೆ ಉಗುರನ್ನು, ಉಗುರೂ ಸರಿಯಿದ್ದರೆ ಮರವನ್ನು. ಕೊನೆಗೆ ಒಂದು ಗುರುವಾರ, ಪೆನ್ಯಾದಲ್ಲಿ ತಪ್ಪಿಸಿಕೊಳ್ಳಲಿಕ್ಕೆ ದಾರಿಯಿಲ್ಲದೆ ಕೂತಾಗ, ಬೆರಳುಗಳನ್ನೆಲ್ಲ ಬಿಟ್ಟು ಬರೀ ಹೆಬ್ಬೆರಳಿನಲ್ಲಿ ನುಡಿಸಿದಳು. ಅಪ್ಪನ ಕಾಲದವರು ನುಡಿಸುತ್ತಿದ್ದ ಹಾಗೆ, ದಪ್ಪ ತಂತಿಗಳ ಮೇಲೆ, ನಿಧಾನವಾಗಿ, ಮಧ್ಯೆ ಮಧ್ಯೆ ಸುಮ್ಮನಾಗುತ್ತ. ಸುಮ್ಮನಾದದ್ದು ಹೆದರಿಕೆಯಿಂದ. ಮುಂದಿನ ಸ್ವರಕ್ಕೆ ಯಾವ ಬೆರಳು ಉಳಿದಿದೆ ಎಂದು ಒಳಗೇ ಹುಡುಕಿಕೊಳ್ಳಲಿಕ್ಕೆ ಅಷ್ಟು ಹೊತ್ತು ಬೇಕಾಗಿತ್ತು. ಗೋಡೆ ಬದಿಯಿಂದ ಯಾರೋ ತಗ್ಗಿದ ದನಿಯಲ್ಲಿ, ಹಿನೆಸ್, ಎಂದರು. ಅಷ್ಟೇ. ಅಂದಿನಿಂದ ಊರಿಗೆಲ್ಲ ಅದೇ ಮಾತು: ಹುಡುಗಿ ಹೊಸಬರ ಗದ್ದಲ ಬಿಟ್ಟಳು, ಮನೆಗೆ ಬಂದಳು, ಹಿನೆಸ್‌ನ ಹೆಬ್ಬೆರಳು ವಾಪಸ್ಸು ಬಂತು. ಆ ಹೊತ್ತಿನಲ್ಲಿ ಅವಳು ಬಚ್ಚಲಲ್ಲಿ ನಿಂತು ಕೈಯನ್ನು ಬಿಸಿನೀರಿಗೆ ಹಿಡಿದಿದ್ದಳು.

ಎವಾರಿಸ್ತೋನ ಬಾಗಿಲು ತೆರೆದೇ ಇತ್ತು. ಒಳಗೆ ಬಿಸಿ ಅಂಟಿನ ವಾಸನೆ, ಹೊಸದಾಗಿ ಸೀಳಿದ ಮರದ ಮೆಣಸಿನಂಥ ಘಾಟು. ಗೋಡೆಗೆ ತೂಗುಬಿಟ್ಟ ಅರ್ಧಂಬರ್ಧ ಗಿಟಾರುಗಳು, ಕತ್ತಿಲ್ಲದವು, ಬೆನ್ನಿಲ್ಲದವು, ಒಳಗಿನ ಪಕ್ಕೆಲುಬು ಕಾಣುವಂಥವು. ಎಲ್ವಿರಾ ಚಿಕ್ಕವಳಾಗಿದ್ದಾಗ ಅಪ್ಪನ ಜೊತೆ ಇಲ್ಲಿಗೆ ಬಂದರೆ ಈ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಈಗಲೂ ಬೆನ್ನು ಹಾಕಿ ನಿಂತಳು. ಮುದುಕ ಅವಳನ್ನು ತಬ್ಬಿಕೊಳ್ಳದೆ ಅವಳ ಬೆನ್ನಿನ ಪೆಟ್ಟಿಗೆಯನ್ನು ದಿಟ್ಟಿಸಿ, ಅದರೊಳಗಿನ ಮಡ್ರಿಡ್ಡಿನ ಗಿಟಾರಿನ ಬಗ್ಗೆ ಎಂದಿನ ಗೇಲಿ ಮಾಡಿದ: ಮಡ್ರಿಡ್ಡಿನವರು ಗಿಟಾರು ಮಾಡುವುದಿಲ್ಲ, ಬಟ್ಟೆ ಇಡುವ ಬೀರು ಮಾಡಿ ಅದಕ್ಕೆ ತಂತಿ ಕಟ್ಟುತ್ತಾರೆ. ಅವಳು ನಕ್ಕಳು. ನಗುವುದು ಸುಲಭವಾಗಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಬೆನ್ನಿಗೆ, ಪಕ್ಕೆಗಳಿಗೆ ಬೀಟೆ. ಮೇಲುಹಲಗೆಗೆ ದೇವದಾರು, ಅದು ಮೆದು, ಮುಟ್ಟಿದೊಡನೆ ದನಿ ಕೊಡುತ್ತದೆ. ತಂತಿಯ ಉದ್ದ ಸ್ವಲ್ಪ ಕಮ್ಮಿ, ಎಳೆತ ಕಮ್ಮಿ. ತಂತಿಗಳು ಮೆಟ್ಟುಗಳಿಗೆ ತೀರ ಹತ್ತಿರ, ಉಸಿರು ಬಿಟ್ಟರೂ ನುಡಿಯುವಷ್ಟು. ಅಂಥ ಗಿಟಾರಿನ ಮೇಲೆ ಬೆರಳು ಹೆದರುವುದಿಲ್ಲ. ಅಂಥ ಗಿಟಾರಿನ ಮೇಲೆ ಅದು ಮೆಲ್ಲಗೆ ಹೊರಗೆ ಬಂದು, ಮೂಸಿ ನೋಡಿ, ತಿರುಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಮಾಲಗಾದ ಡಾಕ್ಟರು ಹಾಗೆ ಹೇಳಿರಲಿಲ್ಲ. ಊರಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಮಾಲಗಾಕ್ಕೆ ಹೋಗಿದ್ದಳು. ಅಲ್ಲಿಯ ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಎಳೆದು, ಸೂಜಿ ತಾಗಿಸಿ, ಕೊನೆಗೆ ತನ್ನ ಮಗನ ಗಿಟಾರು ತರಿಸಿ ನುಡಿಸಲು ಹೇಳಿ, ನೋಡಿದ ಮೇಲೆ ಕನ್ನಡಕ ತೆಗೆದಿಟ್ಟಿದ್ದರು. ಕೈಗೆ ಏನೂ ಆಗಿಲ್ಲ, ಕೈಗೆ ಅಪ್ಪಣೆ ಕೊಡುವ ಜಾಗದಲ್ಲಿ ಗೆರೆಗಳು ಕಲಸಿಹೋಗಿವೆ ಎಂದಿದ್ದರು. ವಾಪಸ್ಸು ಬರುವುದು ಅಪರೂಪ ಎಂದಿದ್ದರು. ಬಸ್ಸಿನಲ್ಲಿ ಅವಳು ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿ, ಊರು ಮುಟ್ಟುವ ಹೊತ್ತಿಗೆ ಡಾಕ್ಟರಿಗೆ ಗಿಟಾರಿನ ವಿಷಯ ಏನು ಗೊತ್ತು ಎಂಬಲ್ಲಿಗೆ ತಂದು ನಿಲ್ಲಿಸಿದ್ದಳು.

ತಂತಿ ಸ್ವಲ್ಪ ಕೆಳಗಿದ್ದರೆ ಹೇಗೆ ಮೇಷ್ಟ್ರೇ, ಎಂದು ಅವಳು ಶುರುಮಾಡಿದಳು. ಎವಾರಿಸ್ತೋ ತಲೆಯೆತ್ತಲೂ ಇಲ್ಲ. ಮಾಡಿನ ಅಟ್ಟದಿಂದ ಎರಡೆರಡಾಗಿ ಕಟ್ಟಿದ ಹಲಗೆಗಳನ್ನು ಇಳಿಸಿ, ಧೂಳನ್ನು ಅಂಗೈಯಿಂದ ಒರೆಸಿ, ಮೇಜಿನ ಮೇಲೆ ಹರವುತ್ತಿದ್ದ. ತಂತಿ ಕೆಳಗೆ ಬೇಕಾಗುವುದು ಓಡುವವರಿಗೆ, ಎಂದ. ಗಂಟೆಗಟ್ಟಲೆ ಓಡುತ್ತಾರಲ್ಲ ಆ ಹೊಸ ಹುಡುಗರು, ಹಿಂದೆ ಪೊಲೀಸರು ಬಂದ ಹಾಗೆ, ಅವರಿಗೆ. ಬೀಟೆ ಇತ್ತು, ಕಡು ಕಂದಿನ ಮೇಲೆ ಕಪ್ಪು ಗೆರೆಗಳು ಹೊಗೆಯ ಹಾಗೆ ಹರಿದದ್ದು. ಇಂಡಿಯಾದ ಕಾಡಿನಿಂದ ಬಂದದ್ದು, ಈಗ ಕಡಿಯಲು ಬಿಡುವುದಿಲ್ಲವಂತೆ, ನೋಡು ಸಾಕು, ಮುಟ್ಟಬೇಡ ಎಂದು ಅದನ್ನು ಅತ್ತ ಸರಿಸಿದ. ಅದರ ಕೆಳಗಿದ್ದದ್ದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಸೈಪ್ರೆಸ್. ಬೆಣ್ಣೆಯ ಬಣ್ಣ, ಗಂಟಿಲ್ಲ, ಗೆರೆಗಳು ಬಾಚಿದ ಕೂದಲಿನಷ್ಟು ನೇರ. ಹಿಡಿ, ಬಡಿದು ನೋಡು, ಎಂದ. ಅವಳು ಹಲಗೆಯನ್ನು ಬಲಗೈಯಲ್ಲಿ ಹಿಡಿದು ಎಡಗೈ ಗೆಣ್ಣಿನಿಂದ ಬಡಿಯಹೋದಳು. ಅಲ್ಲ, ಆ ಕೈ ಅಲ್ಲ, ನಿನಗೆ ಹೇಳಿಕೊಡಬೇಕೇನೇ, ಎಂದು ಅವನು ಹಲಗೆಯನ್ನು ಅವಳ ಎಡಗೈಗೆ ಕೊಟ್ಟ. ಅವಳು ಬಲಗೈಯನ್ನು ಮುಷ್ಟಿ ಮಾಡಿ ನಡುಬೆರಳ ಗೆಣ್ಣಿನಿಂದ ಬಡಿದಳು. ಮರ ಗಾಜಿನ ಹಾಗೆ ದನಿ ಕೊಟ್ಟಿತು. ಆ ದನಿ ಹಲಗೆಯಿಂದ ಅವಳ ಮೊಣಕೈಗೆ ಇಳಿಯಿತು. ಉಂಗುರ ಬೆರಳು ಅವಳ ಮುಷ್ಟಿಯೊಳಗೆ ಉಗುರನ್ನು ಅಂಗೈಗೆ ಒತ್ತುತ್ತಿದ್ದದ್ದು ಅವಳಿಗೆ ಮಾತ್ರ ಗೊತ್ತಾಗುತ್ತಿತ್ತು. ತಂತಿ ಇಲ್ಲದೆಯೂ. ಬರೀ ಮರಕ್ಕೇ. ಇದು ಹೊಸದು.

ಎಲ್ಲಿಯದು ಗೊತ್ತೇನು ಅದು, ಎಂದು ಅವನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ, ಅವನು ಹೇಳಿದ ಮೇಲೆ, ಗೊತ್ತಿತ್ತು ಅನ್ನಿಸಿತು. ಸ್ಮಶಾನದ ಗೋಡೆ ಅಗಲ ಮಾಡುವಾಗ ಕಡಿದ ಮರ. ಅವಳ ಅಪ್ಪನೂ ತಾನೂ ಹೋಗಿ ನಿಂತು ಕಡಿಸಿ ತಂದದ್ದು, ಕಡಿಯುವವನು ಕೊಡಲಿ ಹಾಕುವ ಮೊದಲು ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನೋಡಿ ಹಿನೆಸ್ ನಕ್ಕದ್ದು, ಹೆಣ ಇಡುವ ಅದೇ ಗೋಡೆಯ ಗೂಡೊಂದನ್ನು ತಾನೂ ಸೇರುತ್ತೇನೆ ಎಂದು ಆಗ ಅವನಿಗೆ ಗೊತ್ತಿಲ್ಲದಿದ್ದದ್ದು, ಎಲ್ಲವನ್ನೂ ಮುದುಕ ಹಲಗೆಯನ್ನು ಸವರುತ್ತಲೇ ಹೇಳಿದ. ಈ ಮರವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಜಪಾನಿನವನೊಬ್ಬ ಕೇಳಿಕೊಂಡು ಬಂದಿದ್ದ, ಅಮ್ಮ ಮಾರಿದ ಅಪ್ಪನ ಗಿಟಾರನ್ನು ಕೊಂಡವನೇ. ಅವನಿಗೂ ಇಲ್ಲ ಎಂದಿದ್ದ. ಎಲ್ವಿರಾ ಹಲಗೆಯನ್ನು ಮೇಜಿನ ಮೇಲಿಟ್ಟಳು. ಸತ್ತವರ ದಿನ ಅಮ್ಮನ ಜೊತೆ ಹೋಗಿ ಗೂಡಿನ ಕಲ್ಲು ತೊಳೆಯುವುದು, ಬಕೆಟ್ಟಿನ ನೀರಿನಲ್ಲಿ ಸೈಪ್ರೆಸ್ಸಿನ ಎಲೆ ತೇಲುವುದು, ಅಮ್ಮ ಬಟ್ಟೆ ಹಿಂಡುತ್ತ, ನಿಮ್ಮಪ್ಪ ಮನೆಯಲ್ಲಿದ್ದಾಗಲೂ ಹೀಗೇ, ಮಾತೇ ಇಲ್ಲ, ಎನ್ನುವುದು. ಆ ಮರದ ಬೆನ್ನನ್ನು ಎದೆಗೊತ್ತಿಕೊಂಡು ಕೂರಬೇಕು. ಅದು ನುಡಿಯುವಾಗ ಎದೆಯೂ ಜೊತೆಗೆ ಅದುರುತ್ತದೆ. ಬೇಡ ಎನ್ನಲು ಬಾಯಿ ತೆರೆದಳು. ಎಷ್ಟು ಹಗುರವಾಗಿದೆ ಮೇಷ್ಟ್ರೇ, ಎಂದಳು.

ಎವಾರಿಸ್ತೋನದು ಒಂದು ಪದ್ಧತಿ. ಯಾರಿಗೆ ಗಿಟಾರು ಮಾಡುತ್ತಾನೋ ಅವರು ಕೆಲಸದ ಮೇಜಿನ ಪಕ್ಕ ಹುಲ್ಲು ಹೆಣೆದ ಕುಳ್ಳು ಕುರ್ಚಿಯ ಮೇಲೆ ಕೂತು, ತಮ್ಮ ಹಳೆಯ ಗಿಟಾರಿನಲ್ಲಿ ಏನಾದರೂ ನುಡಿಸಬೇಕು. ಅವನು ಕಿಟಕಿಯ ಕಡೆಗೆ ತಿರುಗಿ, ಬೆನ್ನು ಕೊಟ್ಟು ನಿಲ್ಲುತ್ತಾನೆ. ಕೈ ನೋಡಿದರೆ ಕೈಯ ಚಂದಕ್ಕೆ ಮರುಳಾಗ್ತೀನಿ, ಎನ್ನುತ್ತಾನೆ. ಕೇಳಿದ ಮೇಲೆ ಯಾವ ಮರ, ಎಷ್ಟು ದಪ್ಪ ಎಂದು ಅವನು ತೀರ್ಮಾನಿಸುತ್ತಾನೆ, ಆಮೇಲೆ ಬದಲಾಯಿಸುವುದಿಲ್ಲ. ಈ ಪದ್ಧತಿಯನ್ನು ನೆನೆಸಿಕೊಂಡೇ ಎಲ್ವಿರಾ ಬರುವ ಧೈರ್ಯ ಮಾಡಿದ್ದಳು. ಬೆನ್ನಿಗೆ ಕಣ್ಣಿಲ್ಲ. ಅವಳು ಪೆಟ್ಟಿಗೆ ತೆರೆದು, ಕೂತು, ಕಾಲ ಮೇಲೆ ಕಾಲು ಹಾಕಿ, ಅಪ್ಪನ ಸೊಲೆಯಾ ಎತ್ತಿಕೊಂಡಳು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಇಳಿಯಿತು, ಎದ್ದಿತು. ತೋರುಬೆರಳು ಆಗೀಗ ಒಂದು ಮಾತು ಸೇರಿಸಿತು. ಉಂಗುರ ಬೆರಳು ಮೊದಲ ಸ್ವರಕ್ಕೇ ಒಳಗೆ ಹೋಗಿ, ಕಿರುಬೆರಳನ್ನೂ ಜೊತೆಗೆ ಎಳೆದುಕೊಂಡು, ಅಂಗೈಗೆ ಕಚ್ಚಿಕೊಂಡಿತ್ತು. ಎಲ್ಲ ಸರಿಯಾಗಿ ಹೋಗುತ್ತಿತ್ತು. ಕಿಟಕಿಯ ಬಳಿ ಮುದುಕನ ತಲೆ ಬಾಗಿತ್ತು, ಭುಜ ಒಂದು ಸಲ ಕುಗ್ಗಿತು. ಆಗ ಒಳಬಾಗಿಲಿನ ಪರದೆ ಸರಿದು ಅವನ ಹೆಂಡತಿ ಅಂಗುಸ್ತಿಯಾಸ್ ತಟ್ಟೆಯಲ್ಲಿ ಕಾಫಿ ಹಿಡಿದು ಬಂದವಳು, ನುಡಿಸುವುದನ್ನು ಕೇಳಿ ಅಲ್ಲೇ ನಿಂತಳು. ಎಲ್ವಿರಾಳ ಎದುರಿಗೆ, ಗಿಟಾರಿನ ಬಾಯಿಯ ನೇರಕ್ಕೆ. ಅಂಗುಸ್ತಿಯಾಸ್ ಹಾಡುಗಾರನ ಮಗಳು. ಹುಟ್ಟಿದಂದಿನಿಂದ ಇಂಥ ಕೈಗಳ ಮುಂದೆ ತಟ್ಟೆ ಹಿಡಿದು ನಿಂತವಳು. ಅವಳ ಕಣ್ಣು ಮೊದಲು ಎಲ್ವಿರಾಳ ಮುಖದ ಮೇಲಿತ್ತು, ಆಮೇಲೆ ಕೆಳಗಿಳಿದು ಕೈಯ ಮೇಲೆ ನಿಂತಿತು. ಅಲ್ಲಿಂದ ಅಲುಗಲಿಲ್ಲ. ನಿಲ್ಲಿಸಿದರೆ ಮುದುಕ ತಿರುಗುತ್ತಾನೆ. ನುಡಿಸಿದರೆ ಅವಳು ನೋಡುತ್ತಾಳೆ. ಕೈಯನ್ನು ಗಿಟಾರಿನ ಅಂಚಿಗೆ ಓರೆ ಮಾಡಿ ಮುಚ್ಚಿಕೊಳ್ಳಲು ನೋಡಿದಳು. ಒಂದು ಸ್ವರ ಒಡೆಯಿತು. ಆ ಒಡಕಿಗೆ ಕಿಟಕಿಯ ಕಡೆಯಿಂದ, ಓಲೇ, ಎಂದು ಮೆಚ್ಚುಗೆಯ ದನಿ ಮೆಲ್ಲಗೆ ಕೇಳಿಸಿತು.

ಅವಳು ನುಡಿಸಿ ಮುಗಿಸಿದಳು. ಎವಾರಿಸ್ತೋ ಕರವಸ್ತ್ರ ಹುಡುಕಿ, ಸಿಗದೆ, ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡ.

"ಆ ಒಡೆದ ಸ್ವರ ಇದೆಯಲ್ಲ ಮಗಳೇ," ಎಂದ. "ಅದನ್ನ ಕಲಿಸಕ್ಕಾಗಲ್ಲ. ನಿಮ್ಮಪ್ಪ ಅದನ್ನ ಎಲ್ಲಿಂದ ತಂದ ಅಂತ ನಾನು ಜೀವಮಾನ ಎಲ್ಲಾ ತಲೆ ಕೆಡಿಸ್ಕೊಂಡೆ."

"ಇವರಿಗೆ ಮರ ನೋಡಿದ್ರೂ ಅಳು, ದನಿ ಕೇಳಿದ್ರೂ ಅಳು," ಎಂದಳು ಅಂಗುಸ್ತಿಯಾಸ್. "ನಮ್ಮಮ್ಮ ಸತ್ತಾಗ ಮಾತ್ರ ಒಂದು ಹನಿ ಬರಲಿಲ್ಲ."

"ನಿಮ್ಮಮ್ಮಂಗೆ ಸ್ವರಜ್ಞಾನ ಇರಲಿಲ್ಲ ಕಣೇ."

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಒಂದು ಗ್ಲಾಸನ್ನು ಎಲ್ವಿರಾಳಿಗೆ ಕೊಟ್ಟಳು. ಎಲ್ವಿರಾ ಬಲಗೈಯಲ್ಲೇ ತೆಗೆದುಕೊಂಡಳು, ಬೇಕೆಂದೇ, ಬೆರಳುಗಳನ್ನೆಲ್ಲ ಗಾಜಿನ ಸುತ್ತ ಚೆನ್ನಾಗಿ ಬಿಡಿಸಿ. ಅಂಗುಸ್ತಿಯಾಸ್ ನೋಡಿದಳು. ಉಗುರು ಹೋಯ್ತಾ, ಎಂದು ಕೇಳಿದಳು. ಹ್ಞೂಂ, ಸೀಳಿದೆ, ಎಂದಳು ಎಲ್ವಿರಾ. ಉಗುರು ಕಾಫಿಯ ಗ್ಲಾಸಿನ ಮೇಲೆ ಇಡಿಯಾಗಿ, ಹೊಳೆಯುತ್ತ ಇತ್ತು. ಇಬ್ಬರೂ ಅದನ್ನು ನೋಡಿದರು. ಅಂಗುಸ್ತಿಯಾಸ್ ಬಾದಾಮಿ ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ಸರಿಸಿ, ಹೋಗದೆ, ಒಂದು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೈಕಟ್ಟಿ ಕೂತಳು. ಹೊರಗೆ ಯಾವುದೋ ಅಂಗಡಿಯ ಷಟರು ಎಳೆದ ಸದ್ದು. ಎಲ್ವಿರಾ ಬಿಸ್ಕತ್ತು ಕಚ್ಚಿದಳು. ಅದು ಬಾಯಿಯಲ್ಲಿ ಮರಳಾಗಿ ಉಳಿಯಿತು.

ಎವಾರಿಸ್ತೋ ಈಗ ಉತ್ಸಾಹಕ್ಕೆ ಬಂದಿದ್ದ. ತೀರ್ಮಾನವಾಗಿತ್ತು. ಬೆನ್ನು, ಪಕ್ಕೆ ಸೈಪ್ರೆಸ್. ಮೇಲುಹಲಗೆ ದೇವದಾರಲ್ಲ, ಸ್ಪ್ರೂಸ್, ಅದೂ ಗಟ್ಟಿಯದು, ದನಿ ಕೊಡಲು ಸತಾಯಿಸುವಂಥದ್ದು. ಹೊಡೆದು ಕೇಳಿದರೆ ಮಾತ್ರ ಕೊಡಬೇಕು. ಹೊಟ್ಟೆ ಆಳ ಕಮ್ಮಿ. ತಂತಿಯ ಉದ್ದ ಹಳೆಯ ಅಳತೆ, ಎಳೆತ ಜಾಸ್ತಿ. ಯಂತ್ರದ ತಿರುಪು ಬೇಡ, ಕರಿಮರದ ಬಿರಡೆ. ಅವು ಜಾರುತ್ತವೆ, ಜಾರಲಿ, ಹಾಡುವವನು ಕಾಯಲಿ. ದನಿಬಾಯಿಯ ಸುತ್ತ ಹೂವು ಗೀವು ಬೇಡ, ಎರಡು ಕಪ್ಪು ಗೆರೆ ಸಾಕು. ಅವನು ಒಂದೊಂದನ್ನು ಹೇಳಿ ಅವಳ ಮುಖ ನೋಡುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಒಂದೊಂದು ಸಲ ತಲೆಯಾಡಿಸಿದಾಗಲೂ ದಾರಿಯಲ್ಲಿ ಬಾಯಿಪಾಠ ಮಾಡಿದ ಗಿಟಾರಿನ ಒಂದೊಂದು ಭಾಗ ಕಳಚಿ ಬೀಳುತ್ತಿತ್ತು. ಮೊದಲು ಬೀಟೆ, ಆಮೇಲೆ ದೇವದಾರು, ಆಮೇಲೆ ಆ ಹತ್ತಿರದ ತಂತಿಗಳು, ಅವುಗಳ ಮೇಲೆ ಮೂಸುತ್ತ ಹೊರಬರಬೇಕಾಗಿದ್ದ ಬೆರಳು. ಇವನು ಮಾಡುತ್ತಿರುವುದು ಅವಳಿಗಲ್ಲ, ಅವಳ ಹೆದರಿಕೆಗೆ. ಹೆದರಿಕೆಯ ಮೈ ಅಳತೆ ತೆಗೆದು, ಅದಕ್ಕೆ ಒಪ್ಪುವ ಮರ ಆರಿಸಿ, ಅಂಟು ಕಾಯಿಸುತ್ತಿದ್ದಾನೆ. ಲೊರೆಟೊ ಮೊನ್ನೆ ಹೇಳಿದ್ದಳು, ಹಳೆಯ ಶೈಲಿ ಚೆಂದವೇ, ಆದರೆ ಹುಡುಗಿಯರ ಕಾಲಿಗೆ ವೇಗ ಬೇಕು, ಸ್ವಲ್ಪ ದಿನ ಇನ್ನೊಬ್ಬ ಹುಡುಗನನ್ನೂ ಕರೆಯಲಾ, ನೀನು ಬೇಜಾರು ಮಾಡ್ಕೋಬೇಡ. ಬೇಜಾರಿಲ್ಲ ಎಂದಿದ್ದಳು. ಆ ಹುಡುಗ ಬಂದ. ಅವಳ ಎದುರೇ ಕೂತು, ಬಾಯಲ್ಲಿ ಚೂಯಿಂಗ್ ಗಮ್ ಅಗಿಯುತ್ತ, ಟ್ರೆಮೊಲೊ ನುಡಿಸಿದ. ನಲ್ಲಿ ತಿರುಗಿಸಿದ ಹಾಗೆ. ಅವಳು ಅವನ ಉಂಗುರ ಬೆರಳನ್ನೇ ನೋಡುತ್ತಿದ್ದಳು, ಅದು ಎಷ್ಟು ಅಲಕ್ಷ್ಯದಿಂದ ಹೋಗಿ ಬರುತ್ತಿತ್ತು. ಅದನ್ನು ಮುರಿಯಬೇಕು ಅನ್ನಿಸಿತ್ತು. ಅನ್ನಿಸಿದ್ದಕ್ಕೆ ಅವನಿಗೆ ಕಾಫಿ ಕೊಡಿಸಿದ್ದಳು.

ಈಗ ಹೇಳದಿದ್ದರೆ ಎಂದೂ ಹೇಳಲಾರೆ. ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಸ್ಪಷ್ಟವಾಗಿತ್ತು: ಮುದುಕ ಹಲಗೆಗಳನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಾನೆ, ಪೆನ್ಯಾದವರು ಕಣ್ಣೀರಿಟ್ಟದ್ದಕ್ಕೆ ನಾಚಿಕೊಳ್ಳುತ್ತಾರೆ, ಆಮೇಲೆ ಕೋಪಿಸಿಕೊಳ್ಳುತ್ತಾರೆ. ಲೊರೆಟೊ ತಬ್ಬಿಕೊಂಡು, ಆ ಹುಡುಗನನ್ನೇ ಇಟ್ಟುಕೊಳ್ಳುತ್ತಾಳೆ. ಬೀದಿಯಲ್ಲಿ ಎದುರಾದವರು ಮುಖ ನೋಡುವ ಮೊದಲು ಕೈ ನೋಡುತ್ತಾರೆ. ಆದರೂ ಹೇಳಿಬಿಟ್ಟರೆ ಒಂದು ನಿಮಿಷದ ಮಟ್ಟಿಗೆ ಹೆದರಲು ಏನೂ ಉಳಿದಿರುವುದಿಲ್ಲ. ಆ ಒಂದು ನಿಮಿಷ ಅವಳಿಗೆ ಬಿಸಿಲಿನ ಚೂರಿನ ಹಾಗೆ ಕಂಡಿತು. ಮಾತಿನಲ್ಲಿ ಆಗುವುದಿಲ್ಲ. ಮಾತು ಬಾಯಿಗೆ ಬಂದಾಗೆಲ್ಲ ಬೇರೆಯದಾಗುತ್ತಿತ್ತು. ಅವಳು ಗ್ಲಾಸು ಕೆಳಗಿಟ್ಟು ಗಿಟಾರು ಎತ್ತಿಕೊಂಡಳು. "ಮೇಷ್ಟ್ರೇ, ಇನ್ನೊಂದು ಕೇಳಿ," ಎಂದಳು. "ಇದನ್ನೂ ಕೇಳಿ ಆಮೇಲೆ ಮರ ಕುಯ್ಯಿರಿ." ಮುದುಕ ಅಭ್ಯಾಸದಂತೆ ಕಿಟಕಿಗೆ ತಿರುಗಿದ. ಅಂಗುಸ್ತಿಯಾಸ್ ಕಟ್ಟಿದ ಕೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು.

ಗ್ರನಾಯಿನಾ. ಮೊದಲ ಸಾಲುಗಳು ಹೇಗೋ ಬಂದವು. ಟ್ರೆಮೊಲೊ ಹತ್ತಿರವಾದ ಹಾಗೆ ಎದೆ ಬಡಿತ ತಾಳದ ಮುಂದೆ ಓಡಿತು. ಶುರುಮಾಡಿದಳು. ನಡುಬೆರಳು, ತೋರುಬೆರಳು; ನಡುಬೆರಳು, ತೋರುಬೆರಳು; ಅವುಗಳ ಮುಂದೆ ಬರಬೇಕಾದದ್ದು ಇಲ್ಲ. ಕುಂಟು ಕುದುರೆಯ ಓಟ. ಅವಳು ನಿಲ್ಲಿಸಲಿಲ್ಲ. ಇದೇ ಹೇಳಬೇಕಾಗಿದ್ದದ್ದು, ಇದನ್ನು ಪೂರ್ತಿ ಹೇಳಬೇಕು. ಒಳಗಿದ್ದ ಬೆರಳನ್ನು ಬಲವಂತವಾಗಿ ಹೊರಗೆಳೆದಳು. ಅದು ಚಿಮ್ಮಿ ಬೇರೆ ತಂತಿಗೆ ಬಡಿಯಿತು, ಉಗುರು ಸಿಕ್ಕಿಕೊಂಡು ಕರ್ರೆಂದಿತು, ಮತ್ತೆ ಒಳಗೆ ಓಡಿತು. ಮತ್ತೆ ಎಳೆದಳು. ಮತ್ತೆ ಆ ಸದ್ದು. ನಾದದಲ್ಲಿ ತೂತು, ತೂತಿನ ಮೇಲೆ ತೂತು, ಕೊನೆಗೆ ತೂತುಗಳೇ ಉಳಿದು ನಾದ ಅವುಗಳ ಅಂಚಿಗೆ ಚಿಂದಿಯಾಗಿ ತೂಗಿತು. ಕೈ ಎತ್ತಿ ಹಿಡಿದಳು. ಕಿಟಕಿಯ ಬಳಿ ಮುದುಕನ ಭುಜಗಳು ಅದುರುತ್ತಿದ್ದವು. ಅಳುತ್ತಿದ್ದಾನೆ ಎಂದುಕೊಂಡಳು. ಗೊತ್ತಾಯಿತು. ಮುಗಿಯಿತು.

ಅವನು ತಿರುಗಿದಾಗ ಕಣ್ಣಲ್ಲಿ ನೀರಿತ್ತು. ನಗುತ್ತಿದ್ದ. ಉಸಿರು ಸಿಕ್ಕದಷ್ಟು ನಗುತ್ತ ಮೇಜು ಹಿಡಿದುಕೊಂಡ.

"ಅಯ್ಯೋ ಪುಣ್ಯಾತ್ಗಿತ್ತಿ," ಎಂದ. "ಥೇಟ್ ಹಾಗೇನೇ ಕಣೆ. ಆ ಸಂಗೀತ ಶಾಲೆ ಹುಡುಗರು ಬಂದು ನನ್ನ ಮುಂದೆ ಕೂತು ಮಾಡೋದು ಥೇಟ್ ಹಾಗೇ, ಕೋಳಿ ಕೆರೆದ ಹಾಗೆ. ನಿಮ್ಮಪ್ಪನೂ ಹೀಗೇ ಅವರನ್ನ ಆಡಿಕೊಳ್ತಿದ್ದ. ಗುರುವಾರ ಪೆನ್ಯಾದಲ್ಲಿ ಇದನ್ನ ಮಾಡಿ ತೋರಿಸ್ಬೇಕು ನೀನು. ಮುದುಕರು ಕುರ್ಚಿಯಿಂದ ಬೀಳ್ತಾರೆ."

ಎಲ್ವಿರಾಳ ಕೈ ಇನ್ನೂ ಗಾಳಿಯಲ್ಲೇ ಇತ್ತು, ಬೆರಳು ಅರ್ಧ ಮಡಿಚಿಕೊಂಡು. ಅವಳ ಬಾಯಿಯಿಂದ ಒಂದು ನಗು ಹೊರಟಿತು. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಹೊರಟ ಆ ನಗು ಅವಳಿಗೇ ಬಹಳ ದೊಡ್ಡದಾಗಿ ಕೇಳಿಸಿತು. ಮುದುಕ ಅದಕ್ಕೆ ಇನ್ನಷ್ಟು ನಕ್ಕ. ಅವಳು ಅಂಗುಸ್ತಿಯಾಸಳ ಕಡೆ ನೋಡಬಾರದು ಎಂದುಕೊಂಡು ನೋಡಿದಳು. ಅಂಗುಸ್ತಿಯಾಸ್ ನಗುತ್ತಿರಲಿಲ್ಲ. ಎವಾರಿಸ್ತೋ ನಗುತ್ತಲೇ ಸಣ್ಣ ಕರಿಮರದ ತುಂಡೊಂದನ್ನು ಡ್ರಾಯರಿನಿಂದ ತೆಗೆದು, ಮೇಜಿನ ಮೇಲಿಟ್ಟು, ಲೋಹದ ಅಳತೆಪಟ್ಟಿಯನ್ನು ಅದಕ್ಕೆ ತಾಗಿಸಿದ. ತಂತಿಗಳ ತುದಿ ಕಟ್ಟುವ ಕುದುರೆ ಇದರಿಂದಲೇ ಆಗಬೇಕು. ಹೆಬ್ಬೆರಳಿಗೆ ಜಾಗ ಬೇಕು, ಎಂದು ವಿವರಿಸಿದ. ದಪ್ಪ ತಂತಿಗಳು ಮೂರನ್ನು ದೂರ ದೂರ ಕಟ್ಟುತ್ತೇನೆ, ತೆಳುವಾದವು ಮೂರನ್ನು ಹತ್ತಿರ ಹತ್ತಿರ ದೂಡುತ್ತೇನೆ. ಹಿನೆಸ್‌ಗೂ ಹಾಗೇ ಮಾಡಿದ್ದೆ, ಬೇರೆ ಯಾರಿಗೂ ಮಾಡಿಲ್ಲ. ಒಂದೇ ಮಾತು, ಆಮೇಲೆ ಇದರ ಮೇಲೆ ಉಳಿದ ಬೆರಳುಗಳಿಗೆ ಕಾಲಿಡಲು ಜಾಗ ಇರುವುದಿಲ್ಲ. ತೂತು ಕೊರೆದ ಮೇಲೆ ಹಿಂದಕ್ಕಿಲ್ಲ. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಮರದ ಮೇಲೆ ಆರು ಚುಕ್ಕೆ ಇಟ್ಟ.

"ಅವಳನ್ನ ಒಂದು ಮಾತು ಕೇಳಿ ಮೊದಲು," ಎಂದಳು ಅಂಗುಸ್ತಿಯಾಸ್.

"ಏನು ಕೇಳೋದು? ಈಗ ತಾನೇ ನುಡಿಸಿ ಹೇಳಿದ್ಲಲ್ಲ."

"ಅವಳ ಕೈ ಅದು. ಬಾಯಿಬಿಟ್ಟು ಕೇಳಿ."

ಮುದುಕ ಪೆನ್ಸಿಲು ಹಿಡಿದೇ ತಲೆಯೆತ್ತಿದ. ಅವನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ, ರೆಪ್ಪೆಗಳು ತೇವವಾಗಿದ್ದವು. ಗಿಟಾರು ಕಲಿಯುವ ಮೊದಲ ದಿನ ಅಪ್ಪ ಪಕ್ಕದಲ್ಲಿ ಕೂತು ಅವಳ ಮುಖ ನೋಡಿದ ಹಾಗೆ ನೋಡುತ್ತಿದ್ದ, ಅವಳು ಏನು ಹೇಳಿದರೂ ಸಂತೋಷಪಡಲು ಸಿದ್ಧನಾಗಿ. ಅಂಗುಸ್ತಿಯಾಸ್ ಅವಳಿಗೆ ಸಹಾಯ ಮಾಡಲಿಲ್ಲ, ತಡೆಯಲೂ ಇಲ್ಲ. ಕಾದಳು. ಎಲ್ವಿರಾ ಎದ್ದು ಮೇಜಿನ ಬಳಿ ಬಂದು ಬಗ್ಗಿ ಚುಕ್ಕೆಗಳನ್ನು ನೋಡಿದಳು. ಅತ್ತ ಮೂರು ದೂರ ದೂರ. ಇತ್ತ ಮೂರು ಚಳಿಗೆ ಒತ್ತಿಕೊಂಡ ಹಾಗೆ. ಆ ಒತ್ತಿಕೊಂಡವುಗಳ ನಡುವೆ ಇನ್ನೂ ಒಂದಿಷ್ಟು ಸಂದಿ ಇತ್ತು. ಒಂದು ಬೆರಳು ಮನಸ್ಸು ಮಾಡಿದರೆ ಹೇಗೋ ತೂರಬಹುದಾದಷ್ಟು. ಎಂದಾದರೂ, ಯಾವುದೋ ಬೆಳಿಗ್ಗೆ, ಯಾರೂ ಇಲ್ಲದಾಗ. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಇಷ್ಟು ಸಂದಿಯೂ ಬೇಡ ಮೇಷ್ಟ್ರೇ," ಎಂದಳು. "ಇನ್ನೂ ಹತ್ತಿರ ಹಾಕಿ."

ಎವಾರಿಸ್ತೋ ಹುಬ್ಬೇರಿಸಿ, ಮೆಚ್ಚುಗೆಯಿಂದ ಶಿಳ್ಳೆಯಂಥ ಒಂದು ಸದ್ದು ಮಾಡಿ, ಅಪ್ಪನನ್ನೂ ಮೀರಿಸ್ತೀಯ, ಎಂದು ರಬ್ಬರಿನಿಂದ ಚುಕ್ಕೆಗಳನ್ನು ಅಳಿಸತೊಡಗಿದ. ಅಂಗುಸ್ತಿಯಾಸ್ ಎದ್ದು ಗ್ಲಾಸುಗಳನ್ನು ತಟ್ಟೆಗೆ ಎತ್ತಿಟ್ಟುಕೊಂಡಳು. ಎಲ್ವಿರಾಳದರಲ್ಲಿ ಕಾಫಿ ಹಾಗೇ ಉಳಿದಿತ್ತು, ಅದನ್ನು ಇನ್ನೊಂದು ಗ್ಲಾಸಿಗೆ ಸುರಿದು, ಪರದೆ ಸರಿಸಿ ಒಳಗೆ ಹೋದಳು. ಒಳಗೆ ನೀರು ಬಿಟ್ಟ ಸದ್ದಾಯಿತು. ಮುದುಕ ಹೊಸ ಚುಕ್ಕೆಗಳನ್ನಿಟ್ಟು, ಕೊರೆಯುವ ಸೂಜಿಯ ಮೊನೆಯನ್ನು ಮೊದಲನೆಯದರ ಮೇಲೆ ನಿಲ್ಲಿಸಿ, ಅಲುಗದ ಹಾಗೆ ಹಿಡ್ಕೋ ಎಂದು ಮರದ ತುಂಡನ್ನು ಅವಳ ಕಡೆಗೆ ದೂಡಿದ. ಎಲ್ವಿರಾ ಎರಡೂ ಕೈಗಳಿಂದ ಅದನ್ನು ಅದುಮಿ ಹಿಡಿದಳು. ಬೆರಳುಗಳೆಲ್ಲ ಬಂದಿದ್ದವು, ಉಂಗುರ ಬೆರಳೂ.